ಖಾಲಿಯಿಂದ ಶುರು

ಬಿಕರ್ನಕಟ್ಟೆಯ ಏರಿನಲ್ಲಿ ಲಿಫ್ಟು ಕೆಟ್ಟ ಫ್ಲಾಟಿನ
ಮೂರನೆ ಮಾಳಿಗೆ. ಕದ ತೆರೆದವರು ಫ್ಲೇವಿಯಾ ಬಾಯಿ,
ಮೂವತ್ತೆಂಟು ವರ್ಷ ನರ್ಸಾಗಿದ್ದವರು.
ಸಿಲಿಂಡರು ಇಳಿಸಿದೆ. ಬಲಗೈ ತಾನಾಗಿ
ತೊಡೆಸಂದಿಗೆ ಹೋಯಿತು, ಒಳಗೊತ್ತಿತು,
ತೂತುಜೇಬಿನ ಚಿಲ್ಲರೆ ಬೀಳದ ಹಾಗೆ ಹಿಡಿದಂತೆ.

ಅವರು ಸೀಲು ನೋಡಲಿಲ್ಲ, ತೂಕ ಕೇಳಲಿಲ್ಲ.
"ಎಷ್ಟು ದಿನವಾಯಿತು ಅದು?" ಅಂದರು.

"ಯಾವುದು?" ಅಂದೆ.
ಗಂಡಸರು ಹಾಗೆಯೇ ಅನ್ನುವುದು.

ಸೋಣ ತಿಂಗಳಲ್ಲಿ ಗೋಲಿಯಷ್ಟಿತ್ತು,
ನವರಾತ್ರಿಗೆ ಗೋಳಿಬಜೆಯಷ್ಟು.
ಮಲಗಿದರೆ ಮಾಯ, ಕೆಮ್ಮಿದರೆ ಹಾಜರು;
ಸಾಲ ಕೊಟ್ಟವನಿಗಿಂತ ನಿಯತ್ತು ಅದಕ್ಕೆ.
ಹೆಂಡತಿಗೆ ಹೇಳಿರಲಿಲ್ಲ. ಅವಳು ಕಂಡೂ ಕೇಳಿರಲಿಲ್ಲ.
ಬೆಲ್ಟು ಬಿಗಿದು ದಿನಕ್ಕೆ ನಲವತ್ತು ಮನೆ.

"ಒತ್ತಿದರೆ ಒಳಗೆ ಹೋಗುವವರೆಗೆ ನಿನ್ನ ಮಾತು ಕೇಳುತ್ತದೆ.
ಒಂದು ದಿನ ಕೇಳುವುದಿಲ್ಲ. ಕರುಳು ಬಿಗಿದು ಕಪ್ಪಾಗುತ್ತದೆ,
ರಾತ್ರಿ ಎರಡು ಗಂಟೆಗೆ, ಆಟೋ ಸಿಕ್ಕದ ಹೊತ್ತಿಗೆ.
ಗ್ಯಾಸಿನ ವಾಸನೆ ಬಂದ ಮೇಲೆ
ಕಡ್ಡಿ ಗೀರಿ ನೋಡುತ್ತೀಯಾ ನೀನು?"

ನೂರು ಮನೆಯಲ್ಲಿ ನಾನೇ ಹೇಳಿದ ಮಾತು.
ಅವರ ಬಾಕಿ ಚಿಲ್ಲರೆ ಕೊಡುವುದು ಮರೆತೇಹೋಯಿತು.

*

ಸೋಮವಾರ ವೆನ್ಲಾಕು. ಯಾರೋ ಬಾರದೆ ಉಳಿದದ್ದಕ್ಕೆ
ಗುರುವಾರವೇ ಮೇಜು ಸಿಕ್ಕಿತು.
ನಡುವೆ ಸ್ಕ್ಯಾನು, ಸಹಿ, ರೇಷನ್ ಕಾರ್ಡಿನ ಜೆರಾಕ್ಸು,
ಬೇಡ ಬೇಡವೆಂದರೂ ಬಂದು ಕೂತ ಭಾವ.
ಬೆನ್ನಿಗೊಂದು ಸೂಜಿ; ಸೊಂಟದ ಕೆಳಗೆ
ನಾನು ಯಾರದೋ ಆದೆ.
ಹಸಿರು ಬಟ್ಟೆಯ ಆಚೆಯಿಂದ ಎಳೆ ಡಾಕ್ಟರು,
ಗದಗದ ಕಡೆಯ ಮಾತು:
"ಜಾಳಗಿ ಇಡ್ತೀನ್ರಿ, ಸಣ್ಣದು. ನೀವೇನಂತೀರಿ ಅದಕ್ಕ?"

ಬಲೆ, ಅಂದೆ.

ಬೊಕ್ಕಪಟ್ಣದ ಜಗಲಿಯಲ್ಲಿ ನೂಲು ಕಚ್ಚಿಕೊಂಡು
ಅಪ್ಪ ಹರಿದದ್ದನ್ನು ಹೆಣೆಯುತ್ತಿದ್ದ.
ದೋಣಿ ಮಾರಿದ ಮೇಲೆ ಮನೆಗೆ ಬಂದ ಮೊದಲ ಬಲೆ ಇದು,
ಅಂಗೈಯಷ್ಟು, ಮೀನಿನ ವಾಸನೆ ಇಲ್ಲದ್ದು.
ತೂತು ಮುಚ್ಚುವುದಕ್ಕೆ ತೂತುಗಳದ್ದೇ ಬಟ್ಟೆ!
ಅಪ್ಪನಿದ್ದಿದ್ದರೆ ಕಣ್ಣು ಎಣಿಸುತ್ತಿದ್ದ.

*

ಮಾರನೆ ದಿನವೇ ನಡೆಸಿದರು, ಗೋಡೆ ಹಿಡಿದು, ಗೂನಾಗಿ.
ನಗಬಾರದೆಂದು ಯಾರೂ ಹೇಳಿರಲಿಲ್ಲ;
ಪಕ್ಕದ ಬೆಡ್ಡಿನ ಅದ್ರಾಮಾಕನ ಒಂದು ಜೋಕಿಗೆ
ದಿಂಬನ್ನು ಹೊಟ್ಟೆಗೊತ್ತಿ ಅತ್ತೆ.

ಆರು ವಾರ ಭಾರ ಎತ್ತಬಾರದೆಂದು ಚೀಟಿ.
ಭಾರ ಅಂದರೆ ಎಂತದು? ಕೊಡಪಾನವಾ? ಅಕ್ಕಿಯಾ? ಮಗುವಾ?
"ಎಲ್ಲವೂ," ಅಂದಳು ಹೆಂಡತಿ, ತಾನೇ ಸಹಿ ಹಾಕಿದವಳ ಹಾಗೆ.
ಬಾವಿಯ ಹಗ್ಗ ಅವಳ ಕೈಗೆ ಹೋಯಿತು.
ನಾನು ಮೆಟ್ಟಿಲಲ್ಲಿ ಕೂತು ಮಗಳ ಮಗ್ಗಿ ಕೇಳಿದೆ.
ಏಜೆನ್ಸಿಯ ಶೆಣೈಯವರು ಅರ್ಧ ಸಂಬಳ ಕಳಿಸಿದರು;
ಉಳಿದರ್ಧ ಕೇಳುವ ಧೈರ್ಯ
ಹೊಲಿಗೆಯಷ್ಟು ಬೇಗ ಒಣಗಿ ಕೂಡಲಿಲ್ಲ.

*

ಏಳನೆ ವಾರ. ಟೆಂಪೋದಲ್ಲಿ ಕೆಂಪು ಕೆಂಪು ಹೆಗಲುಗಳು.
"ಅಣ್ಣ, ನೀವು ಬಿಲ್ಲು ಹರಿಯಿರಿ, ಎತ್ತುವುದು ನಾನು,"
ಅಂದ ಸವಾದ್, ಇಪ್ಪತ್ತೆರಡರ ಹುಡುಗ.
ಎರಡು ದಿನ ಹರಿದೆ. ಕಾಗದಕ್ಕೆ ತೂಕವಿಲ್ಲ;
ಸಂಜೆ ಭುಜಕ್ಕೆ ಏನೋ ಕೊಡಲು ಬಾಕಿಯಿದ್ದ ಹಾಗೆ.
ಮೂರನೆ ದಿನ ಖಾಲಿಯಿಂದ ಶುರು ಮಾಡಿದೆ.
ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗೆ, ಉಸಿರು ಬಿಡುತ್ತ.
ಕಲಿಸಿದ್ದು ಫ್ಲೇವಿಯಾ ಬಾಯಿ, ಫೋನಿನಲ್ಲಿ, ಬೈಯುತ್ತ.
ಎತ್ತಿದೆ. ನಿಂತೆ. ಕಾದೆ.
ಒಳಗಿನಿಂದ ಯಾರೂ ತಟ್ಟಲಿಲ್ಲ.

ತುಂಬಿದ್ದು ಹೊರುವಾಗ ಮತ್ತೆರಡು ವಾರ ಕಳೆದಿತ್ತು.
ಲಿಫ್ಟು ಇನ್ನೂ ಕೆಟ್ಟೇ ಇತ್ತು.
ಮೂರನೆ ಮಾಳಿಗೆಯಲ್ಲಿ ಇಳಿಸಿದ್ದೇ
ಬಲಗೈ ಹಳೆಯ ಜಾಗಕ್ಕೆ ಹೋಯಿತು,
ಅಲ್ಲಿ ಕೆಲಸವಿಲ್ಲದೆ ಸ್ವಲ್ಪ ಹೊತ್ತು ನಾಚಿ ನಿಂತು
ಜೇಬಿಗೆ ಇಳಿಯಿತು: ಅವತ್ತಿನ ಬಾಕಿ, ಹದಿನೆಂಟು ರೂಪಾಯಿ.

ಅವರು ಎಣಿಸಿಕೊಂಡರು, ಒಂದೊಂದೇ ನಾಣ್ಯ.
"ಎಲ್ಲಿ, ಕೆಮ್ಮು ನೋಡುವ," ಅಂದರು.

ಕೆಮ್ಮಿದೆ.
ಮೂರು ಮಾಳಿಗೆ ಕೆಳಗಿನಿಂದ ಸವಾದ್ ಕೂಗಿದ:
"ಎಂತಾಯ್ತು ಅಣ್ಣ?"